ಸೀಟಿನಡಿಯ ಆಂಪ್ಲಿಫೈಯರ್ ಮೇಲೆ ಚೊಗರು ಚೆಲ್ಲಿದೆ, ಉಳಿಸಿಕೊಳ್ಳುವುದು ಹೇಗೆ?

ತೋಟದದಾರಿ, ಕೊಪ್ಪ:

ಅಡಿಕೆಗೆ ಬಣ್ಣ ಕೊಡಲು 10 ಲೀಟರ್ ಕ್ಯಾನಿನಲ್ಲಿ ಚೊಗರು (ಅಡಿಕೆ ಬೇಯಿಸಿ ಉಳಿದ ಒಗರು ರಸ) ತರುವಾಗ ಜಯಪುರದ ಹತ್ತಿರ ತಿರುವಿನಲ್ಲಿ ಕ್ಯಾನ್ ಮಗುಚಿ ಮುಚ್ಚಳ ಬಿಚ್ಚಿಕೊಂಡಿತು. ಅಂದಾಜು ಮೂರು ಲೀಟರ್ ಹಿಂದಿನ ಸೀಟಿನ ಕಾಲಡಿ ಹರಿದು ಡ್ರೈವರ್ ಸೀಟಿನ ಕೆಳಗೆ ಸೇರಿದೆ. ಅಲ್ಲೇ ನಾಲ್ಕು ಚಾನೆಲ್ಲಿನ ಆಂಪ್ ಇದೆ, ಕ್ಲಾಸ್ ಎಬಿ, ಚಾನೆಲ್ಲಿಗೆ 60 ವಾಟ್. ಐದು ನಿಮಿಷ ಹಾಡು ಬಂತು, ಆಮೇಲೆ ಗೊರಗೊರ ಸದ್ದು, ಕೆಂಪು ದೀಪ ಹತ್ತಿ ನಿಂತುಹೋಯಿತು. ಸ್ಟೀರಿಯೋ ಆಫ್ ಮಾಡಿ ಮೇಲಿಂದ ಬಟ್ಟೆಯಲ್ಲಿ ಒರೆಸಿದ್ದೇನೆ. ಇದು ನಿನ್ನೆ ಸಂಜೆ ಆದದ್ದು. ಅಕ್ಕಿಯೊಳಗೆ ಹೂತಿಡಿ ಎಂದು ಒಬ್ಬರು, ಹೇರ್ ಡ್ರೈಯರ್ ಹಿಡಿಯಿರಿ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ಇವೆ, ಬಳಸಲೂ ಬರುತ್ತದೆ. ಯಾವುದರಿಂದ ಶುರು ಮಾಡಲಿ?

ಫ್ಯೂಸ್‌ಡಬ್ಬಿ, ಹಾಸನ:

ಇದನ್ನು ಓದಿದ ಕೂಡಲೇ ಬಾನೆಟ್ ಎತ್ತಿ. ಸ್ಟೀರಿಯೋ ಆಫ್ ಮಾಡಿದರೆ ನೀಲಿ-ಬಿಳಿ ರಿಮೋಟ್ ವೈರಿನ ಕರೆಂಟ್ ಮಾತ್ರ ನಿಲ್ಲುತ್ತದೆ. ದಪ್ಪ ಕೆಂಪು ವೈರ್ ಬ್ಯಾಟರಿಯಿಂದ ನೇರ ಬಂದಿರುತ್ತದೆ, ಅದರಲ್ಲಿ 12 ವೋಲ್ಟ್ ಹಗಲೂ ರಾತ್ರಿ ನಿಂತೇ ಇರುತ್ತದೆ. ಬೋರ್ಡ್ ಮೇಲೆ ಹಸಿ ಚೊಗರು ಇದ್ದು ಈ ವೋಲ್ಟೇಜೂ ಇದ್ದರೆ ಪ್ಲಸ್ ಕಡೆಯ ತಾಮ್ರ ಕರಗಿ ಮೈನಸ್ ಕಡೆಗೆ ಹೋಗುತ್ತಿರುತ್ತದೆ. ಒದ್ದೆಯಾದ ಆಂಪ್ ಸಾಯುವುದು ಹೆಚ್ಚಾಗಿ ಹೀಗೇ. ಕರೆಂಟಿಲ್ಲದ ಬೋರ್ಡ್ ಒಂದು ವಾರ ಒದ್ದೆ ಇದ್ದರೂ ಬದುಕಬಹುದು, ಕರೆಂಟಿದ್ದರೆ ಒಂದು ರಾತ್ರಿಯಲ್ಲಿ ಸಣ್ಣ ಟ್ರ್ಯಾಕ್ (ಬೋರ್ಡಿನ ಮೇಲಿನ ತಾಮ್ರದ ಗೆರೆ) ತಿಂದುಹೋಗುತ್ತದೆ.

ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಕೆಂಪು ವೈರಿನಲ್ಲಿ ಫ್ಯೂಸ್ ಹೋಲ್ಡರ್ ಇರಬೇಕು, ಮೊದಲು ಆ ಫ್ಯೂಸ್ ತೆಗೆಯಿರಿ. ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ ಹತ್ತು ನಿಮಿಷ ಸುಮ್ಮನಿರಿ. ಸೀಟಿನ ಕೆಳಗೆ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದೋ ಸೀಟ್‌ಬೆಲ್ಟಿನದೋ ಆಗಿರುತ್ತದೆ. ಆ ಹತ್ತು ನಿಮಿಷ ಕಳೆಯದೆ ಅದನ್ನು ಮುಟ್ಟಬಾರದು. ಅದು ಬಿಚ್ಚಿರುವಾಗ ಕೀ ಆನ್ ಮಾಡಲೂ ಬಾರದು, ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿ ಕೂರುತ್ತದೆ, ಆರಿಸಲು ಸ್ಕ್ಯಾನರ್ ಬೇಕಾಗುತ್ತದೆ.

ಅಕ್ಕಿ ಬೇಡ. ಅದು ನೀರನ್ನೇ ಸರಿಯಾಗಿ ಎಳೆಯುವುದಿಲ್ಲ, ಇನ್ನು ಚೊಗರನ್ನು ಎಲ್ಲಿಂದ ಎಳೆದೀತು? ಹೇರ್ ಡ್ರೈಯರ್ ಅಂತೂ ಈಗ ಬೇಡವೇ ಬೇಡ. ಬಿಸಿ ಗಾಳಿ ಹೊಡೆದರೆ ಚೊಗರು ಅರಗಿನ ಹಾಗೆ ಅಂಟಿ ಕೂರುತ್ತದೆ.

ಕಾವಿರೇಖೆ, ಚಿಕ್ಕಮಗಳೂರು:

ಫ್ಯೂಸ್‌ಡಬ್ಬಿಯವರು ಹೇಳಿದ್ದು ಆದ ಮೇಲೆ ಆಂಪ್ ಹೊರತೆಗೆಯಿರಿ. ಬಿಚ್ಚುವ ಮೊದಲು ವೈರುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ವಿಷಯ ಮನಸ್ಸಿನಲ್ಲಿರಲಿ: ನೀವು ಇದನ್ನು ಒಣಗಿಸಬೇಕಾಗಿಲ್ಲ, ತೊಳೆಯಬೇಕು. ಒಣಗಿದ ಚೊಗರು ಗಾಳಿಯ ತೇವಕ್ಕೆ ಮತ್ತೆ ಅಂಟಂಟಾಗುತ್ತದೆ. ಈಗ ಸರಿಯಾದಂತೆ ಕಂಡ ಆಂಪ್ ಜೂನ್ ಮಳೆಗೆ ಸತ್ತುಹೋಗುತ್ತದೆ.

ಕೆಳಗಿನ ತಗಡು ತೆಗೆದ ಕೂಡಲೇ ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಅಂದರೆ ಅದರಲ್ಲಿ ತುಂಬಿ ನಿಂತ ಕರೆಂಟ್ ಖಾಲಿ ಮಾಡಿ. ಒಳಗೆ 12 ವೋಲ್ಟನ್ನು ಪ್ಲಸ್ 30, ಮೈನಸ್ 30ರ ಆಸುಪಾಸಿಗೆ ಏರಿಸಿಕೊಂಡಿರುತ್ತದೆ. 100 ಓಮ್ 5 ವಾಟಿನ ರೆಸಿಸ್ಟರನ್ನು ದೊಡ್ಡ ಕೆಪಾಸಿಟರುಗಳ ಎರಡು ಕಾಲುಗಳಿಗೆ ಒಂದೊಂದಾಗಿ ಐದು ಸೆಕೆಂಡ್ ಹಿಡಿಯಿರಿ, ಮೀಟರಿನಲ್ಲಿ 1 ವೋಲ್ಟಿಗಿಂತ ಕೆಳಗೆ ಬಂದದ್ದನ್ನು ನೋಡಿ. ಸ್ಕ್ರೂಡ್ರೈವರಿನಲ್ಲಿ ಶಾರ್ಟ್ ಮಾಡಬೇಡಿ.

ಬೋರ್ಡನ್ನು ಹೀಟ್‌ಸಿಂಕಿನಿಂದ (ಬಿಸಿ ಹೊರಹಾಕುವ ಲೋಹದ ಮೈ) ಬಿಡಿಸಲೇಬೇಕು. ಟ್ರಾನ್ಸಿಸ್ಟರುಗಳನ್ನು ಒತ್ತಿ ಹಿಡಿದ ಪಟ್ಟಿಗಳ ಸ್ಕ್ರೂ ತೆಗೆದರೆ ಅವುಗಳ ಬೆನ್ನಿಗೆ ತೆಳು ಅಭ್ರಕದ ಹಾಳೆಯೋ ಬೂದು ಬಣ್ಣದ ಸಿಲಿಕಾನ್ ಪ್ಯಾಡೋ ಕಾಣುತ್ತದೆ. ಚೊಗರು ನುಸುಳಿ ಅಡಗುವುದು ಅಲ್ಲೇ, ಮೇಲಿಂದ ಎಷ್ಟು ತೊಳೆದರೂ ಹೋಗುವುದಿಲ್ಲ. ಯಾವ ಹಾಳೆ ಎಲ್ಲಿತ್ತು ಎಂದು ಗುರುತು ಹಾಕಿಕೊಳ್ಳಿ. ಹರಿದ ಪ್ಯಾಡ್ ಮತ್ತೆ ಹಾಕಬಾರದು. ಅಭ್ರಕವಾದರೆ ಒರೆಸಿ ಎರಡೂ ಬದಿಗೆ ಹೊಸ ಥರ್ಮಲ್ ಪೇಸ್ಟ್ ತೆಳುವಾಗಿ ಸವರಿ, ಸಿಲಿಕಾನ್ ಪ್ಯಾಡಿಗೆ ಪೇಸ್ಟ್ ಬೇಕಿಲ್ಲ.

ತೊಳೆಯಲು 5 ಲೀಟರ್ ಡಿಸ್ಟಿಲ್ಡ್ ವಾಟರ್, ಅರ್ಧ ಲೀಟರ್ 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್, ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು. ನೀರು ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅಲ್ಲೇ ಆ್ಯಸಿಡ್ ಕ್ಯಾನೂ ಇರುತ್ತದೆ, ಲೇಬಲ್ ಓದಿ ತನ್ನಿ. ಆಲ್ಕೋಹಾಲನ್ನು ಮೊಬೈಲ್ ರಿಪೇರಿಯವರಲ್ಲಿ ಕೇಳಿ. ಸ್ಯಾನಿಟೈಸರ್ ಆಗದು, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಬೋರ್ಡ್ ಮೇಲೆ ಜಿಡ್ಡು ಉಳಿಸುತ್ತದೆ.

ಮೊದಲೇ ಆಲ್ಕೋಹಾಲ್ ಸುರಿಯಬೇಡಿ. ತುಂಬ ಜನ ಇಲ್ಲೇ ತಪ್ಪುತ್ತಾರೆ. ಚೊಗರಿನ ಒಗರು ಆಲ್ಕೋಹಾಲಿನಲ್ಲಿ ಕರಗೀತು, ಆದರೆ ಅದರಲ್ಲಿರುವ ಅಂಟು ಮತ್ತು ಲವಣ 99 ಶೇಕಡಾದ ಆಲ್ಕೋಹಾಲಿನಲ್ಲಿ ಕರಗುವುದಿಲ್ಲ, ಅಲ್ಲೇ ಗಟ್ಟಿಯಾಗುತ್ತವೆ. ಮೊದಲು ನೀರು, ಕೊನೆಗೆ ಆಲ್ಕೋಹಾಲ್. ಒಂದೂವರೆ ಲೀಟರ್ ನೀರನ್ನು ಕೈಗೆ ಹಿತವಾದ ಬಿಸಿ ಮಾಡಿ, ಅಂದರೆ 40ರಿಂದ 45 ಡಿಗ್ರಿ. ಲೀಟರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಹತ್ತು ನಿಮಿಷ ಬೋರ್ಡನ್ನು ಅದರಲ್ಲಿಡಿ, ಆಮೇಲೆ ಬ್ರಷ್ಷಿನಲ್ಲಿ ಎರಡೂ ಬದಿ ಉಜ್ಜಿ. ಐಸಿಗಳ ಹೊಟ್ಟೆಯಡಿ, ಟೊರಾಯ್ಡ್ ಸುರುಳಿಯ (ಉಂಗುರಕ್ಕೆ ಸುತ್ತಿದ ತಂತಿ) ಬುಡ, ಕೆಪಾಸಿಟರ್ ಬುಡದ ಕಂದು ಗೋಂದಿನ ಸುತ್ತ ಹೆಚ್ಚು ಹೊತ್ತು ಉಜ್ಜಬೇಕು. ಗೇನ್ ತಿರುಗಣೆ, ಕ್ರಾಸ್‌ಓವರ್ ಸ್ವಿಚ್ಚುಗಳನ್ನು ನೀರಿನೊಳಗೇ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ಆಡಿಸಿ. ಆಮೇಲೆ ಸೋಪಿಲ್ಲದ ನೀರಿನಲ್ಲಿ ಮೂರು ಸಲ, ಪ್ರತಿ ಸಲ ಹೊಸ ನೀರು. ಮೂರನೆಯ ನೀರಿನಲ್ಲಿ ಕೆಂಪು ಛಾಯೆ ಕಂಡರೆ ನಾಲ್ಕನೆಯದು ಬೇಕು. ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಅದರ ಲವಣವೇ ಬೋರ್ಡಿನ ಮೇಲೆ ಉಳಿಯುತ್ತದೆ.

ನೀರು ಜಾಡಿಸಿ ಆಲ್ಕೋಹಾಲನ್ನು ಎರಡು ಸಲ ಹೊಯ್ಯಿರಿ. ಸಂದಿಯಲ್ಲಿ ಉಳಿದ ನೀರನ್ನು ಅದು ಎಳೆದುಕೊಂಡು ಬರುತ್ತದೆ. ಈ ಕೆಲಸ ಅಂಗಳದಲ್ಲಿ ಮಾಡಿ, ಒಲೆ ಹತ್ತಿರ ಇರಬಾರದು. ಒಣಗಲು ನೆರಳಿನಲ್ಲಿ ಫ್ಯಾನ್ ಕೆಳಗೆ ಎರಡು ದಿನ. ಅಡಿಕೆ ಅಟ್ಟದ ಮೇಲೆ ಇಡುವ ಯೋಚನೆ ಬಂದರೆ ಬಿಟ್ಟುಬಿಡಿ, ಹೊಗೆಯ ಇಲ್ಲಣ ಕೂರುತ್ತದೆ.

ತೋಟದದಾರಿ, ಕೊಪ್ಪ:

ತೆರೆದು ನೋಡಿದೆ. ಕಬ್ಬಿಣದ ಸ್ಕ್ರೂಗಳ ಸುತ್ತ ಶಾಯಿ ಚೆಲ್ಲಿದ ಹಾಗೆ ಕಪ್ಪು. ಪವರ್ ಟರ್ಮಿನಲ್ಲಿನ ಪ್ಲಸ್ ಬುಡದಲ್ಲಿ ಹಸಿರು ಪಾಚಿಯಂಥದ್ದು. ಉಳಿದದ್ದೆಲ್ಲ ಕೆಂಪು ಅಂಟು. ಎರಡಕ್ಕೂ ಅಡುಗೆ ಸೋಡಾ ಹಚ್ಚಬಹುದೇ? ತೊಳೆದಾದ ಮೇಲೆ ಬ್ಯಾಟರಿಗೆ ಹಾಕಿ ನೋಡುವುದಾ?

ಕಾವಿರೇಖೆ, ಚಿಕ್ಕಮಗಳೂರು:

ಸೋಡಾ ಬೇಡ. ಬ್ಯಾಟರಿ ಆ್ಯಸಿಡ್ ಚೆಲ್ಲಿದ್ದರೆ ಅದು ಸರಿ. ಚೊಗರಿಗೆ ಸೋಡಾ ಸೇರಿದರೆ ಇನ್ನಷ್ಟು ಕಪ್ಪಾಗುತ್ತದೆ ಅಷ್ಟೆ. ಸ್ಕ್ರೂ ಸುತ್ತಲಿನ ಕಪ್ಪು ಒಗರು ಮತ್ತು ಕಬ್ಬಿಣ ಸೇರಿ ಆದದ್ದು, ಹಳೆಯ ಕಾಲದ ಶಾಯಿ ಮಾಡುತ್ತಿದ್ದುದೂ ಇದೇ ರೀತಿ. ಕಲೆ ಪೂರ್ತಿ ಹೋಗದಿದ್ದರೂ ನಡೆಯುತ್ತದೆ, ಸ್ಕ್ರೂ ಮಾತ್ರ ಹೊಸದು ಹಾಕಿ. ಹಸಿರಿನದು ತಾಮ್ರದ ಕಿಲುಬು. ಬಿಳಿ ವಿನೆಗರನ್ನು ಹತ್ತಿಕಡ್ಡಿಯಲ್ಲಿ ಅದ್ದಿ ಅಲ್ಲಿಗಷ್ಟೇ ಒಂದು ನಿಮಿಷ ಒತ್ತಿ, ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ಚೆನ್ನಾಗಿ ತೊಳೆಯಿರಿ. ಕೆಳಗೆ ಟ್ರ್ಯಾಕ್ ತೆಳುವಾಗಿದ್ದರೆ ಮೇಲೆ ತಾಮ್ರದ ತಂತಿ ಬೆಸೆಯಿರಿ. ಅಲ್ಲಿ ಹತ್ತಾರು ಆಂಪಿಯರ್ ಹರಿಯುತ್ತದೆ, ಎಳೆಗೂದಲಿನಂಥ ತಂತಿ ಸಾಲದು.

ನೇರ ಬ್ಯಾಟರಿಗೆ ಹಾಕಬೇಡಿ. ಮೊದಲು ಮೀಟರ್. ಪ್ರತಿ ಟ್ರಾನ್ಸಿಸ್ಟರಿನ ಲೋಹದ ಬೆನ್ನಿನಿಂದ ಹೀಟ್‌ಸಿಂಕಿಗೆ 2 ಮೆಗಾಓಮ್ ರೇಂಜಿನಲ್ಲಿ ಏನೂ ತೋರಿಸಬಾರದು. ಪ್ಲಸ್‌ನಿಂದ ಮೈನಸ್‌ಗೆ ಓಮ್ ಅಳೆದರೆ ಅಂಕಿ ನಿಧಾನಕ್ಕೆ ಏರುತ್ತಾ ಹೋಗಬೇಕು. ಒಂದು ಓಮಿನ ಒಳಗೇ ನಿಂತರೆ ಪವರ್ ಸಪ್ಲೈ ಮಾಸ್‌ಫೆಟ್ (ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಶಾರ್ಟ್. ಇದೆಲ್ಲ ಸರಿಯಿದ್ದರೆ ಪ್ಲಸ್ ವೈರಿಗೆ 21 ವಾಟಿನ ಇಂಡಿಕೇಟರ್ ಬಲ್ಬನ್ನು ಸರಣಿಯಲ್ಲಿ ಹಾಕಿ, ಸ್ಪೀಕರ್ ಯಾವುದೂ ಇಲ್ಲದೆ ಆನ್ ಮಾಡಿ.

ಫ್ಯೂಸ್‌ಡಬ್ಬಿ, ಹಾಸನ:

ಬಲ್ಬಿನ ವಿಷಯದಲ್ಲಿ ಒಂದು ತಿದ್ದುಪಡಿ. ಇದು ಕ್ಲಾಸ್ ಎಬಿ ನಾಲ್ಕು ಚಾನೆಲ್, ಸುಮ್ಮನಿದ್ದಾಗಲೇ ಒಂದು ಆಂಪಿಯರ್ ಎಳೆದೀತು. 21 ವಾಟಿನ ಬಲ್ಬ್ ಅಷ್ಟಕ್ಕೇ ಬಿಸಿಯಾಗಿ ನಾಲ್ಕು ವೋಲ್ಟಿನಷ್ಟು ತಿನ್ನುತ್ತದೆ, ಆಂಪಿಗೆ 10 ವೋಲ್ಟಿಗಿಂತ ಕಡಿಮೆ ಸಿಕ್ಕಿ ಆನ್-ಆಫ್ ಆಗುತ್ತಾ ಇರುತ್ತದೆ. ಒಳ್ಳೆಯ ಆಂಪನ್ನೇ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಹೆಡ್‌ಲೈಟಿನ ಎಚ್4 ಬಲ್ಬ್ ತಗೊಂಡು ಅದರ 60 ವಾಟಿನ ಎಳೆಯನ್ನು ಬಳಸಿ. ತಣ್ಣಗಿರುವಾಗ ಅದರ ತಡೆ ಕಾಲು ಓಮಿನಷ್ಟು, ಹಾಗಾಗಿ ಆಂಪಿಗೆ ಸಾಕಷ್ಟು ವೋಲ್ಟೇಜ್ ಸಿಗುತ್ತದೆ. ಶಾರ್ಟ್ ಇದ್ದರೂ 5 ಆಂಪಿಯರ್ ಮೇಲೆ ಹೋಗಲು ಬಿಡುವುದಿಲ್ಲ.

ಕೆಪಾಸಿಟರ್ ತುಂಬುವಾಗ ಬಲ್ಬ್ ಒಮ್ಮೆ ಮಿಂಚಿ ಆರಿದರೆ ಒಳ್ಳೆಯ ಲಕ್ಷಣ. ಪೂರ್ತಿ ಉರಿಯುತ್ತಲೇ ಇದ್ದರೆ ಕೂಡಲೇ ಬಿಚ್ಚಿ. ಆನ್ ಆದ ಮೇಲೆ ಪ್ರತಿ ಚಾನೆಲ್ಲಿನ ಸ್ಪೀಕರ್ ಪ್ಲಸ್-ಮೈನಸ್ ನಡುವೆ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗೆ ಸರಿ, 100 ದಾಟಿದರೆ ಅನುಮಾನ. ಒಂದು ವೋಲ್ಟಿನ ಮೇಲಿದ್ದರೆ ಸ್ಪೀಕರ್ ಹಾಕಲೇಬೇಡಿ, ಕಾಯಿಲ್ ಸುಡುತ್ತದೆ.

ಮಣ್ಣಿನರಸ್ತೆ, ಬೇಲೂರು:

ಆಂಪಿನ ಬಗ್ಗೆ ಬೇಕಾದದ್ದು ಬಂತು, ಕಾರಿನ ನೆಲದ ಬಗ್ಗೆ ಯಾರೂ ಹೇಳಲಿಲ್ಲ ಮಾರಾಯ್ರೆ. ಮೂರು ಲೀಟರಿನಲ್ಲಿ ಆಂಪಿಗೆ ಹೋದದ್ದು ಹೆಚ್ಚೆಂದರೆ ಒಂದು ಲೋಟ. ಉಳಿದದ್ದೆಲ್ಲ ಕಾರ್ಪೆಟ್ ಕೆಳಗಿನ ಫೆಲ್ಟಿನಲ್ಲಿದೆ. ಮೇಲೆ ಕೈಯಿಟ್ಟರೆ ಒಣಗಿದ ಹಾಗಿರುತ್ತದೆ, ಮೊಣಕಾಲೂರಿ ಒತ್ತಿದರೆ ಕೆಂಪಗೆ ಜಿನುಗುತ್ತದೆ. ತೊಳೆದ ಆಂಪನ್ನು ಅದರ ಮೇಲೇ ಕೂರಿಸಿದರೆ ಬಿಸಿಲಿಗೆ ಏಳುವ ಹಬೆ ಮತ್ತೆ ಒಳಗೇ ಹೋಗುತ್ತದೆ. ಸೀಟಿನ ನಾಲ್ಕು ಬೋಲ್ಟ್ ತೆಗೆದು ಕಾರ್ಪೆಟ್ ಎತ್ತಿ. ಫೆಲ್ಟ್ ಬೇರೆಯಾಗಿ ಬರುವಂತಿದ್ದರೆ ಹೊರಗೆ ತೊಳೆದು ಹಿಂಡಿ ಎರಡು ಮೂರು ದಿನ ಬಿಸಿಲಿಗೆ ಹಾಕಿ.

ಆಂಪಿನ ಅರ್ಥ್ ಬೋಲ್ಟ್ ಅಲ್ಲೇ ನೆಲದ ತಗಡಿಗೆ ಇರುತ್ತದೆ. ಬಣ್ಣ ಕೆರೆದ ಬರಿ ಕಬ್ಬಿಣ ಅದು, ಚೊಗರು ತಾಗಿದರೆ ಕಪ್ಪಾಗಿ ತುಕ್ಕು ಹಿಡಿಯುತ್ತದೆ. ಮರಳುಕಾಗದದಲ್ಲಿ ಹೊಳೆಯುವವರೆಗೆ ಉಜ್ಜಿ, ಹೊಸ ಲಗ್ ಮತ್ತು ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ ಮೇಲೆ ಗ್ರೀಸ್ ಸವರಿ. ಸ್ಟೀರಿಯೋದಿಂದ ಆಂಪಿಗೆ ಹಾಡು ತರುವ ಆರ್‌ಸಿಎ ಕೇಬಲ್ ತುದಿ ನೆನೆದಿದ್ದರೆ ಬದಲಾಯಿಸುವುದೇ ಮೇಲು. ಒಳಗಿನ ಹೆಣೆದ ಜಾಲರಿ ಬತ್ತಿಯ ಹಾಗೆ ಚೊಗರನ್ನು ಎಳೆದುಕೊಂಡಿರುತ್ತದೆ, ಆಮೇಲೆ ಇಂಜಿನ್ ಜೊತೆ ಕುಂಯ್‌ಗುಡುವ ಸದ್ದಿಗೆ ಕಾರಣ ಹುಡುಕಿ ಸುಸ್ತಾಗುತ್ತೀರಿ. ದಪ್ಪ ಕೆಂಪು ವೈರಿನ ತುದಿಯನ್ನು ಒಂದಿಂಚು ಕತ್ತರಿಸಿ ನೋಡಿ, ಒಳಗೆ ತಾಮ್ರ ಹೊಳೆಯುತ್ತಿದ್ದರೆ ಸಾಕು, ಕಪ್ಪಾಗಿದ್ದರೆ ಇನ್ನೊಂದಿಂಚು.

ಬಾಗಿಲ ಸ್ಪೀಕರಿಗೆ ತಾಗಿರಲಿಕ್ಕಿಲ್ಲ, ಆದರೂ ಆಂಪ್ ಗೊರಗುಟ್ಟಿ ನಿಂತದ್ದರಿಂದ ಪರೀಕ್ಷಿಸಿ. 4 ಓಮಿನ ಸ್ಪೀಕರ್ ಮೀಟರಿನಲ್ಲಿ 3.2ರಿಂದ 3.6 ತೋರಿಸಬೇಕು. ನಾಲ್ಕು ಬೆರಳಲ್ಲಿ ಕೋನನ್ನು ಸಮನಾಗಿ ಒತ್ತಿ ಬಿಡಿ, ಒಳಗೆ ಕೆರೆದ ಸದ್ದು ಬಂದರೆ ಕಾಯಿಲ್ ಬಿಸಿಗೆ ಸೊಟ್ಟಗಾಗಿದೆ.

ತೋಟದದಾರಿ, ಕೊಪ್ಪ:

ನಾಲ್ಕು ದಿನದ ಮೇಲೆ ಇವತ್ತು ಆನ್ ಮಾಡಿದೆ. ಹೆಡ್‌ಲೈಟ್ ಬಲ್ಬ್ ಮಿಂಚಿ ಆರಿತು, ಹಸಿರು ದೀಪ ಬಂತು. ಮೂರು ಚಾನೆಲ್ಲಿನಲ್ಲಿ 8, 12, 15 ಮಿಲಿವೋಲ್ಟ್. ಹಿಂದಿನ ಎಡದ್ದು ಮಾತ್ರ 340, ಹತ್ತು ನಿಮಿಷಕ್ಕೆ 290ಕ್ಕೆ ಇಳಿಯಿತು. ಟ್ರಾನ್ಸಿಸ್ಟರ್ ಹೋಗಿದೆಯಾ? ಸ್ಪೀಕರ್ ಹಾಕಬಹುದೇ?

ಕಾವಿರೇಖೆ, ಚಿಕ್ಕಮಗಳೂರು:

ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿದ್ದರೆ ಹೀಗಿರುತ್ತಿರಲಿಲ್ಲ, ಪೂರ್ತಿ 30 ವೋಲ್ಟ್ ಬರುತ್ತಿತ್ತು, ಇಲ್ಲವೇ ಕೆಂಪು ದೀಪ ಹತ್ತುತ್ತಿತ್ತು. ಬಿಸಿಯಾದ ಹಾಗೆ ಇಳಿಯುತ್ತಿದೆ ಎಂದರೆ ಎಲ್ಲೋ ತೇವ ಉಳಿದಿದೆ. ಆ ಚಾನೆಲ್ಲಿನ ಇನ್‌ಪುಟ್ಟಿನಲ್ಲಿ ಜೋಡಿ ಸಣ್ಣ ಟ್ರಾನ್ಸಿಸ್ಟರ್ ಇರುತ್ತವೆ, ಮೊದಲನೆಯದರ ಬೇಸ್ ಕಾಲಿನಿಂದ ಗ್ರೌಂಡಿಗೆ ಸಾಮಾನ್ಯವಾಗಿ 47 ಕಿಲೋಓಮಿನ ರೆಸಿಸ್ಟರ್ ಇರುತ್ತದೆ. ಪಕ್ಕದಲ್ಲೇ 30 ವೋಲ್ಟಿನ ಟ್ರ್ಯಾಕ್ ಹಾದಿದ್ದು ಅದಕ್ಕೂ ಆ ಬೇಸಿಗೂ ನಡುವೆ 4 ಮೆಗಾಓಮಿನ ಸೋರಿಕೆ ಇದ್ದರೆ ಸಾಕು, ಲೆಕ್ಕ ಹಾಕಿದರೆ 350 ಮಿಲಿವೋಲ್ಟಿನ ಹತ್ತಿರ ಬರುತ್ತದೆ. ಕಣ್ಣಿಗೆ ಕಾಣದಷ್ಟು ತೆಳು ಪದರ ಅದು.

ಪವರ್ ತೆಗೆದು ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಆ ಜಾಗದಲ್ಲಿ ಬಿಸಿ ಡಿಸ್ಟಿಲ್ಡ್ ವಾಟರಿನಲ್ಲಿ ಎರಡೂ ಬದಿ ಉಜ್ಜಿ, ಆಮೇಲೆ ಆಲ್ಕೋಹಾಲ್. ಅಲ್ಲಿನ ಕೆಪಾಸಿಟರ್ ಬುಡದ ಕಂದು ಗೋಂದು ಕಪ್ಪಾಗಿದ್ದರೆ ಬಿದಿರಿನ ಕಡ್ಡಿಯಲ್ಲಿ ಕೆರೆದು ತೆಗೆಯಿರಿ. ಹಳತಾದ ಆ ಗೋಂದು ತಾನೇ ಕರೆಂಟ್ ಹರಿಸುತ್ತದೆ. ಇನ್ನೊಂದು ದಿನ ಒಣಗಿಸಿ ಮತ್ತೆ ಅಳೆಯಿರಿ. 50ರ ಒಳಗೆ ಬಂದರೆ ಮೊದಲು ಹಳೆಯ ಸ್ಪೀಕರ್ ಒಂದನ್ನು ಹಾಕಿ ಅರ್ಧ ಗಂಟೆ ಸಣ್ಣ ಸದ್ದಿನಲ್ಲಿ ನುಡಿಸಿ, ನಡುವೆ ಎರಡು ಸಲ ಡಿಸಿ ನೋಡಿ. ಅಂಕಿ ನಿಂತ ಮೇಲೆ ಬಲ್ಬ್ ತೆಗೆದು ಫ್ಯೂಸ್ ಹಾಕಿ. ಮರಳಿ ಕೂರಿಸುವಾಗ ನೇರ ಕಾರ್ಪೆಟ್ ಮೇಲೆ ಬೇಡ, ನಾಲ್ಕು ಮೂಲೆಗೆ ಒಂದಿಂಚಿನ ರಬ್ಬರ್ ಕಾಲು ಕೊಟ್ಟು ಎತ್ತರಿಸಿ.