ಆಣೆಕಲ್ಲು ಮಳೆಗೆ ಸಿಕ್ಕ ಆಪೂಸ್ ಗಿಡ: ಈಗಲೇ ಸವರಬೇಕೇ, ಕಾಯಬೇಕೇ?

ಪ್ರಶ್ನೆ (ಧಾರವಾಡದಿಂದ, ಮೇ ಮೊದಲ ವಾರ)

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಿನಲ್ಲಿ ಐದು ವರ್ಷದ ಕಸಿ ಆಪೂಸ್ ಗಿಡವೊಂದಿದೆ. ತಂದೆಯವರು ತಮ್ಮ ಕೈಯಾರೆ ನೆಟ್ಟ ಗಿಡವಾದ್ದರಿಂದ ಮನೆಯವರೆಲ್ಲರಿಗೂ ಅದರ ಮೇಲೆ ಜೀವ. ಏಪ್ರಿಲ್ ಕೊನೆಯ ಅಡ್ಡಮಳೆಯಲ್ಲಿ ಆಣೆಕಲ್ಲು ಸುರಿದು ಎಲೆಗಳು ಚಿಂದಿಯಾದವು, ಹಿಡಿದಿದ್ದ ಕಾಯಿಗಳೂ ಉದುರಿದವು. ಗಾಳಿ ಬೀಸಿದ ಮಗ್ಗುಲಿನ ಕೊಂಬೆಗಳಲ್ಲಿ ತೊಗಟೆ ಅಲ್ಲಲ್ಲಿ ಸುಲಿದು ಒಳಗಿನ ಬಿಳಿ ಕಟ್ಟಿಗೆ ಕಾಣುತ್ತಿದೆ. ಸೋರಿದ ಸೊನೆ ಗಾಯದ ಸುತ್ತ ಒಣಗಿ ಕಪ್ಪಾಗಿದೆ. ತುದಿಯ ಕುಡಿಗಳು ಬಾಡಿ ಕಂದುಬಣ್ಣಕ್ಕೆ ತಿರುಗಿವೆ. ಮೊಣಕಾಲೆತ್ತರಕ್ಕೆ ಕಡಿದುಬಿಟ್ಟರೆ ಹೊಸದಾಗಿ ಚಿಗುರುತ್ತದೆ ಎಂದು ಒಬ್ಬರು ಹೇಳಿದರೆ, ಯೂರಿಯಾ ಹಾಕಿ ದಿನವೂ ನೀರು ಕೊಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ಏನು ಮಾಡಿದರೆ ಗಿಡ ಉಳಿದೀತು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ (ಕೆಲಗೇರಿಯ ಮಾವು ಬೆಳೆಗಾರರು)

ದಯವಿಟ್ಟು ಈಗ ಕತ್ತರಿ ಮುಟ್ಟಬೇಡಿ. ಆಣೆಕಲ್ಲು ಬಿದ್ದ ಕೆಲವೇ ದಿನಗಳಲ್ಲಿ ಯಾವ ಕೊಂಬೆ ಸತ್ತಿದೆ, ಯಾವುದು ಬದುಕಿದೆ ಎಂಬುದು ಕಣ್ಣಿಗೆ ಗೊತ್ತಾಗುವುದಿಲ್ಲ. ಎಲೆಯಿಲ್ಲದ ಕೊಂಬೆಯೆಲ್ಲ ಸತ್ತದ್ದೂ ಅಲ್ಲ. ಉಗುರಿನಿಂದಲೋ ಚಿಕ್ಕ ಚಾಕುವಿನಿಂದಲೋ ತೊಗಟೆಯ ಮೇಲ್ಪದರವನ್ನು ಎಳ್ಳುಕಾಳಿನಷ್ಟು ಕೆರೆದು ನೋಡಿ: ಒಳಗೆ ಹಸಿರಾಗಿ, ತೇವವಾಗಿ ಇದ್ದರೆ ಅಲ್ಲಿ ಜೀವವಿದೆ, ಕಂದಾಗಿ ಒಣಗಿದ್ದರೆ ಸ್ವಲ್ಪ ಕೆಳಗೆ ಬಂದು ಮತ್ತೆ ಕೆರೆಯಿರಿ. ಈ ಗುರುತು ಕೂಡ ದಿನ ಕಳೆದಂತೆ ಕೆಳಕ್ಕೆ ಸರಿಯಬಹುದು. ಆದುದರಿಂದಲೇ ರೋಹಿಣಿ ಮಳೆ ಬಿದ್ದು ಚಿಗುರೊಡೆಯುವ ತನಕ ಕಾಯುವುದು ಲೇಸು. ಎಲ್ಲಿಂದ ಮೇಲೆ ಕೊಯ್ಯಬೇಕೆಂಬುದನ್ನು ಆಗ ಗಿಡವೇ ತೋರಿಸುತ್ತದೆ. ಮುರಿದು ಜೋತುಬಿದ್ದ ಕೊಂಬೆಗಳನ್ನು ಮಾತ್ರ ತೊಗಟೆ ಇನ್ನಷ್ಟು ಸುಲಿಯದಂತೆ ಈಗಲೇ ಕೊಯ್ದು ತೆಗೆಯಿರಿ.

ಈಗಿನ ದೊಡ್ಡ ಅಪಾಯ ಬಿಸಿಲಿನದು. ಎಲೆಯ ನೆರಳಿನಲ್ಲಿದ್ದ ತೊಗಟೆ ಒಮ್ಮೆಲೇ ಮೇ ತಿಂಗಳ ಬಿಸಿಲಿಗೆ ಬಿದ್ದಾಗ ಸುಟ್ಟು ಸೀಳುತ್ತದೆ, ಆ ಸೀಳಿನಲ್ಲಿ ಕಾಂಡ ಕೊರೆಯುವ ಹುಳು ಸೇರಿಕೊಳ್ಳುತ್ತದೆ. ಬುಡದಿಂದ ದಪ್ಪ ಕವಲುಗಳವರೆಗೆ ತಿಳಿಸುಣ್ಣ ಬಳಿಯಿರಿ, ಸಾಧ್ಯವಾದರೆ ಮಧ್ಯಾಹ್ನದ ಬಿಸಿಲಿಗೆ ಅಡ್ಡವಾಗಿ ಹಳೆಯ ಸೀರೆಯೊಂದನ್ನು ಕಟ್ಟಿರಿ. ಉದುರಿದ ಕಾಯಿಗಳನ್ನು ಬುಡದಲ್ಲಿ ಕೊಳೆಯಲು ಬಿಡದೆ ಆಳವಾಗಿ ಹೂಳಿರಿ, ಇಲ್ಲವಾದರೆ ಹಣ್ಣುನೊಣಕ್ಕೆ ಅದೇ ತವರಾಗುತ್ತದೆ.

ಯೂರಿಯಾ ಈಗ ಖಂಡಿತ ಬೇಡ. ಎಲೆ ಕಳೆದುಕೊಂಡ ಗಿಡ ಕಾಂಡದಲ್ಲಿ ಮತ್ತು ಬೇರಿನಲ್ಲಿ ಕೂಡಿಟ್ಟ ಆಹಾರದಿಂದಲೇ ಚಿಗುರಬೇಕು. ಆ ಹೊತ್ತಿನಲ್ಲಿ ಸಾರಜನಕ ಸುರಿದರೆ ಮೆತ್ತನೆಯ ಚಿಗುರು ವಿಪರೀತವಾಗಿ ಬಂದು ಎಲೆಯಲ್ಲಿ ಕಪ್ಪು ಚುಕ್ಕೆ ಬೀಳಿಸುವ ಮಳೆಗಾಲದ ಚಿಬ್ಬುರೋಗಕ್ಕೆ ತುತ್ತಾಗುತ್ತದೆ. ಮೊದಲ ಚಿಗುರಿನ ತಾಮ್ರಬಣ್ಣ ಹೋಗಿ ಎಲೆ ಗಟ್ಟಿಯಾದ ಮೇಲೆ ತಿಪ್ಪೆಗೊಬ್ಬರ ಕೊಟ್ಟರೆ ಸಾಕು.

ಉತ್ತರ (ಹಾನಗಲ್ಲಿನಿಂದ)

ಹಿಂದಿನವರು ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ಆದರೆ ಗಾಯದ ಆರೈಕೆಗೆ ಮಳೆಗಾಲದವರೆಗೆ ಕಾಯಬಾರದು. ಹಾಗೆಯೇ ಬಿಟ್ಟ ಗಾಯದ ಮೂಲಕವೇ ತುದಿಯೊಣಗು ರೋಗ ಒಳನುಗ್ಗುತ್ತದೆ. ಸುಲಿದು ಎದ್ದುನಿಂತಿರುವ ತೊಗಟೆಯ ಅಂಚನ್ನು ಹರಿತವಾದ ಚಾಕುವಿನಿಂದ, ಗಟ್ಟಿಯಾಗಿ ಕಟ್ಟಿಗೆಗೆ ಅಂಟಿಕೊಂಡಿರುವ ಜಾಗದವರೆಗೆ ಮಾತ್ರ ಸವರಿ, ಮೇಲೆ ಕೆಳಗೆ ಚೂಪಾಗಿರುವಂತೆ ಮಾಡಿರಿ. ಹಾಗೆ ಮಾಡಿದರೆ ನೀರು ನಿಲ್ಲುವುದಿಲ್ಲ. ತೆರೆದ ಕಟ್ಟಿಗೆ ತಾನಾಗಿ ಕೂಡಿಕೊಳ್ಳುವುದಿಲ್ಲ, ಸುತ್ತಲಿನ ತೊಗಟೆ ವರ್ಷಗಟ್ಟಲೆ ಬೆಳೆದು ಅದನ್ನು ಮುಚ್ಚಬೇಕು. ಅಂಚಿಗೆ ಬೆಲೆ ಇರುವುದು ಆ ಕಾರಣಕ್ಕೆ.

ಅದರ ಮೇಲೆ ಬೋರ್ಡೊ ಮುಲಾಮು ಹಚ್ಚಿರಿ. ಒಂದೇ ಗಿಡಕ್ಕಾದರೆ 100 ಗ್ರಾಂ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿಯೂ 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿಯೂ ಬೇರೆ ಬೇರೆಯಾಗಿ ಕರಗಿಸಿ, ಸುಣ್ಣದ ನೀರು ಆರಿದ ಮೇಲೆ ಮೈಲುತುತ್ತದ ನೀರನ್ನು ಅದಕ್ಕೆ ಸುರಿಯುತ್ತ ಕಲಕಬೇಕು. ಪ್ಲಾಸ್ಟಿಕ್ ಇಲ್ಲವೇ ಮಣ್ಣಿನ ಪಾತ್ರೆಯನ್ನೇ ಬಳಸಿರಿ, ಕಬ್ಬಿಣದ ಬಕೆಟ್ ಬೇಡ. ಉಜ್ಜಿ ಹೊಳಪು ಬಂದ ಚಾಕುವನ್ನು ಕ್ಷಣಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಹೆಚ್ಚಾಗಿದೆ ಎಂದರ್ಥ. ಇನ್ನಷ್ಟು ಸುಣ್ಣ ಸೇರಿಸಿರಿ. ಅಂದು ಮಾಡಿದ್ದನ್ನು ಅಂದೇ ಹಚ್ಚಬೇಕು. ಚಿಗುರು ಬಲಿತ ಮೇಲೆ ಶೇಕಡಾ 1ರ ಬೋರ್ಡೊ ದ್ರಾವಣವನ್ನು ಇಡೀ ಗಿಡಕ್ಕೆ ಸಿಂಪಡಿಸಬಹುದು. ಸಗಣಿ ಮತ್ತು ಕೆಮ್ಮಣ್ಣು ಮೆತ್ತುವ ರೂಢಿಯೂ ಇದೆ, ಆದರೆ ಮೊದಲ ಜೋರು ಮಳೆಗೇ ಅದು ತೊಳೆದುಹೋಗುತ್ತದೆ.

ಉತ್ತರ (ಹುಬ್ಬಳ್ಳಿಯಿಂದ)

ನೀರಿನ ಬಗ್ಗೆ ಒಂದು ಮಾತು. ನೀರನ್ನು ಆವಿಯಾಗಿ ಹೊರಬಿಡುವ ಎಲೆಗಳೇ ಇಲ್ಲದಾಗ ಗಿಡ ಕುಡಿಯುವ ನೀರು ಬಹಳ ಕಡಿಮೆ. ದಿನವೂ ಪಾತಿ ತುಂಬಿಸಿದರೆ ಬೇರು ಕೊಳೆಯುತ್ತದೆ, ನಮ್ಮ ಕಡೆಯ ಎರೆ ಭೂಮಿಯಲ್ಲಂತೂ ಇನ್ನೂ ಬೇಗ. ಮಣ್ಣನ್ನು ಬೆರಳುದ್ದ ಕೆದಕಿ, ಒಣಗಿದ್ದರೆ ಮಾತ್ರ ನೀರು ಕೊಟ್ಟು, ಕಾಂಡಕ್ಕೆ ತಾಗದಂತೆ ಒಣ ಎಲೆಯ ಹೊದಿಕೆ ಹಾಸಿರಿ.

ಪ್ರಶ್ನೆ ಕೇಳಿದವರು (ಮೃಗಶಿರ ಮಳೆಯ ನಂತರ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ತಾವು ಹೇಳಿದಂತೆ ಕೆರೆದು ನೋಡಿದಾಗ ಎರಡು ಕೊಂಬೆಗಳ ತುದಿ ಒಣಗಿದ್ದರೂ ಕವಲಿನ ಹತ್ತಿರ ಹಸಿರಿತ್ತು. ಈಗ ಅಲ್ಲಿ ಅಕ್ಕಿಕಾಳಿನ ಗಾತ್ರದ ಕೆಂಪು ಮೊಗ್ಗುಗಳು ತೊಗಟೆಯನ್ನು ಸೀಳಿಕೊಂಡು ಹೊರಬಂದಿವೆ. ಬುಡದಲ್ಲಿಯೂ, ಕಸಿಯ ಗಂಟಿಗಿಂತ ಕೆಳಗೆ, ಮೂರು ಚಿಗುರುಗಳು ಎಲ್ಲಕ್ಕಿಂತ ಹುಲುಸಾಗಿ ಎದ್ದಿವೆ. ಅವನ್ನು ಉಳಿಸಿಕೊಳ್ಳಬಹುದೇ?

ಉತ್ತರ (ಕೆಲಗೇರಿಯ ಮಾವು ಬೆಳೆಗಾರರು)

ಓದಿ ಬಹಳ ಸಂತೋಷವಾಯಿತು. ಬುಡದ ಆ ಮೂರನ್ನೂ ಎಳೆಯವಾಗಿರುವಾಗಲೇ ಕೈಯಿಂದ ಚಿವುಟಿ ತೆಗೆಯಿರಿ. ಅವು ಬೇರುಸಸಿಯಾದ, ಅಂದರೆ ಕಸಿ ಕಟ್ಟಲು ಬುಡವಾಗಿ ಬಳಸಿದ, ನಾಟಿ ಮಾವಿನವು, ಆಪೂಸಿನವಲ್ಲ. ಬಿಟ್ಟರೆ ಮೇಲಿನ ಕಸಿಯನ್ನು ಸೊರಗಿಸುತ್ತವೆ. ಇದೇ ಕಾರಣಕ್ಕೆ ಮೊಣಕಾಲೆತ್ತರಕ್ಕೆ ಕಡಿಯುವ ಸಲಹೆಯನ್ನು ನಾನು ಒಪ್ಪಲಿಲ್ಲ, ಏಕೆಂದರೆ ಕಡಿತ ಗಂಟಿಗಿಂತ ಕೆಳಗೆ ಹೋದರೆ ಆಪೂಸೇ ಕೈತಪ್ಪುತ್ತದೆ. ಮಳೆ ಬಿಡುವು ಕೊಟ್ಟ ದಿನ ನೋಡಿ, ಒಣ ಕೊಂಬೆಗಳನ್ನು ಜೀವವಿರುವ ಚಿಗುರಿನ ಸ್ವಲ್ಪ ಮೇಲಕ್ಕೆ ಕೊಯ್ದು ಮುಲಾಮು ಹಚ್ಚಿರಿ. ಒಂದೇ ಕಡೆ ಗುಂಪಾಗಿ ಬಂದ ಚಿಗುರುಗಳಲ್ಲಿ ಹೊರಮುಖವಾಗಿರುವ ಎರಡನ್ನೋ ಮೂರನ್ನೋ ಇಟ್ಟುಕೊಂಡು ಉಳಿದವನ್ನು ತೆಗೆಯಿರಿ.

ಹೂವು ಬರಿಸಲೆಂದು ಬುಡಕ್ಕೆ ಹಾಕುವ ಕಲ್ತಾರನ್ನು ಈ ವರ್ಷ ಹಾಕಬೇಡಿ. ಅದು ಚಿಗುರಿನ ಬೆಳವಣಿಗೆಯನ್ನೇ ತಡೆಯುವ ಔಷಧ, ನಿಮ್ಮ ಗಿಡಕ್ಕೆ ಈಗ ಬೇಕಾದದ್ದು ಎಲೆ. ಬರುವ ಚಳಿಗಾಲದಲ್ಲಿ ತಾನಾಗಿ ಹೂವು ಬಂದರೂ ಗೊಂಚಲುಗಳನ್ನು ಮುರಿದುಹಾಕಿರಿ. ಮನಸ್ಸಿಗೆ ಕಷ್ಟವೆನಿಸಿದರೂ ಒಂದು ಬೆಳೆ ಬಿಟ್ಟುಕೊಟ್ಟರೆ ಅದರ ಮುಂದಿನ ವರ್ಷ ಕಾಯಿ ಹೊರುವಷ್ಟು ಕೊಂಬೆ ಬಲಿಯುತ್ತದೆ.