ಹೊಲದ ಅಟ್ಟಣಿಗೆ ಗಾಳಿಗೆ ಅಲ್ಲಾಡದಂತೆ ಕಟ್ಟುವುದು ಹೇಗೆ?

ಪ್ರಶ್ನೆ (ಜಗಳೂರು ತಾಲ್ಲೂಕಿನ ರೈತರು):
ಸರ್, ನಮಸ್ಕಾರ. ನಮ್ಮ ಹೊಲ ರಂಗಯ್ಯನದುರ್ಗ ಕಾಡಿನ ಮಗ್ಗುಲಲ್ಲೇ ಇದೆ. ಮೂರು ಎಕರೆ ಮೆಕ್ಕೆಜೋಳ. ತೆನೆಯಲ್ಲಿ ಹಾಲು ಕಟ್ಟಿದ ಕೂಡಲೇ ಕಾಡುಹಂದಿ ನುಗ್ಗುತ್ತವೆ. ಹೋದ ವರ್ಷ ನೀಲಗಿರಿ ಕಂಬದ ಮೇಲೆ ಅಟ್ಟಣಿಗೆ ಹಾಕಿದ್ದೆವು. ಹತ್ತಿದರೆ ಓಲಾಡುತ್ತಿತ್ತು, ಒಂದು ಮಳೆಗಾಳಿಗೆ ಪೂರಾ ವಾಲಿಬಿಟ್ಟಿತು. ಫೇಲಾದ ಬೋರಿನಿಂದ ಎತ್ತಿದ ಎರಡು ಇಂಚಿನ ಜಿ.ಐ. (ಸತು ಬಳಿದ ಕಬ್ಬಿಣದ) ಪೈಪು ಐದಾರು ಮನೆ ಹತ್ತಿರ ಬಿದ್ದಿವೆ. ಅವುಗಳಲ್ಲಿ ಮಾಡಬಹುದಾ? ಇಬ್ಬರು ಕೂರಬೇಕು, ಒಬ್ಬರು ಸ್ವಲ್ಪ ಒರಗಬೇಕು. ಭೂಮಿ ಎರೆ (ಕಪ್ಪು ಮಣ್ಣು).

ಉತ್ತರ (ದಾವಣಗೆರೆಯ ಸಿವಿಲ್ ಎಂಜಿನಿಯರ್):
ಧಾರಾಳವಾಗಿ ಮಾಡಬಹುದು ಅಣ್ಣ. ಮೊದಲು ಪೈಪಿಗೆ ಉದ್ದಕ್ಕೂ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಪೈಪು ಖಣಖಣ ಅನ್ನುತ್ತದೆ. ಒಳಗೆ ತುಕ್ಕು ತಿಂದಿದ್ದರೆ ಸದ್ದು ಮಂಕಾಗಿರುತ್ತದೆ, ಜೋರಾಗಿ ಹೊಡೆದರೆ ತಗ್ಗು ಬೀಳುತ್ತದೆ. ಅಂಥದ್ದನ್ನು ಕಾಲಿಗೆ ಬಳಸಬೇಡಿ.

ಅಟ್ಟಣಿಗೆ ಬೀಳುವುದು ಮೇಲೆ ಕೂತವರ ಭಾರಕ್ಕಲ್ಲ. ಇಬ್ಬರ ತೂಕ ಒಂದೂವರೆ ಕ್ವಿಂಟಲ್ ಆದೀತು. ಅದನ್ನು ನಾಲ್ಕು ಪೈಪು ಸುಲಭವಾಗಿ ಹೊರುತ್ತವೆ. ಕೆಡಹುವುದು ಗಾಳಿ. ಲೆಕ್ಕ ನೋಡಿ: ಗಂಟೆಗೆ 90 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರಿಗೆ ಸುಮಾರು 38 ಕೆ.ಜಿ. ಬಲದಿಂದ ತಳ್ಳುತ್ತದೆ. ನೀವು ಒಂದು ಪಕ್ಕಕ್ಕೆ 6 ಅಡಿ ಅಗಲ, 4 ಅಡಿ ಎತ್ತರ ತಾಡಪಾಲು ಕಟ್ಟಿದರೆ ಅದರ ಮೇಲೆ 85 ಕೆ.ಜಿ. ಬೀಳುತ್ತದೆ, ಅದೂ ನೆಲದಿಂದ 11 ಅಡಿ ಮೇಲೆ. ಎರಡನ್ನೂ ಗುಣಿಸಿದರೆ 935, ಇದು ಕೆಡಹುವ ಶಕ್ತಿ. ಅಟ್ಟಣಿಗೆ ಖಾಲಿ ಇದ್ದಾಗ 250 ಕೆ.ಜಿ. ತೂಗುತ್ತದೆ ಅಂತ ಹಿಡಿಯಿರಿ. ಕಾಲುಗಳ ನಡುವೆ ಬುಡದಲ್ಲಿ 6 ಅಡಿ ಇದ್ದರೆ, ಅರ್ಧ ಅಂದರೆ 3 ಅಡಿಯಿಂದ ಗುಣಿಸಿ: 750, ಇದು ತಡೆದು ನಿಲ್ಲುವ ಶಕ್ತಿ. ಗಾಳಿ ಗೆದ್ದಿತು, ಅಲ್ವಾ? ಅದೇ ಬುಡವನ್ನು 9 ಅಡಿಗೆ ಅಗಲಿಸಿದರೆ 1125. ಗುಂಡಿಯ ಹಿಡಿತ ಇದಕ್ಕೆ ಮೇಲೆ ಸಿಗುವ ಲಾಭ.

ಹಾಗಾಗಿ ಮೇಲೆ 6 ಅಡಿ, ಬುಡದಲ್ಲಿ 9 ಅಡಿ. ಪ್ರತಿ ಕಾಲೂ ಒಂದೂವರೆ ಅಡಿ ಹೊರಕ್ಕೆ ವಾಲಿರಲಿ. ನಿಮ್ಮ ಪೈಪು 20 ಅಡಿಯದ್ದು ಇರುತ್ತದೆ. ಹನ್ನೆರಡೂವರೆ ಅಡಿಗೆ ಕೊಯ್ದರೆ ಒಂದು ಕಾಲು. ಉಳಿದ ಏಳೂವರೆ ಅಡಿ ತುಂಡು ಮೇಲಿನ ಚೌಕಟ್ಟಿಗೆ ಸರಿಯಾಗುತ್ತದೆ. ನಾಲ್ಕು ಪೈಪಿನಲ್ಲಿ ಕಾಲೂ ಆಯಿತು, ಚೌಕಟ್ಟೂ ಆಯಿತು. ಐದನೆಯದರಲ್ಲಿ ಹಲಗೆಯ ಕೆಳಗೆ ಕೊಡಲು ಎರಡು ಅಡ್ಡಪಟ್ಟಿ. ಎರಡೂವರೆ ಅಡಿ ನೆಲದೊಳಗೆ ಹೋದರೆ ಕೂರುವ ಜಾಗ ಒಂಬತ್ತೂವರೆ ಅಡಿ ಎತ್ತರದಲ್ಲಿ ನಿಲ್ಲುತ್ತದೆ. ಬೆಳೆದು ನಿಂತ ಮೆಕ್ಕೆಜೋಳದ ಮೇಲಿಂದ ನೋಡಲು ಅಷ್ಟು ಸಾಕು. ಇನ್ನೂ ಎತ್ತರ ಮಾಡಿದಷ್ಟೂ ಗಾಳಿಗೆ ಬಲ ಜಾಸ್ತಿ.

ಓಲಾಟ ನಿಲ್ಲಿಸುವುದು ಕತ್ತರಿ ಪಟ್ಟಿ. ಒಂದೂವರೆ ಇಂಚಿನ ಆ್ಯಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ತಂದು ನಾಲ್ಕೂ ಪಕ್ಕಕ್ಕೆ ಗುಣಾಕಾರ ಚಿಹ್ನೆಯ ಹಾಗೆ ಹಾಕಿಸಿ. ಎರಡು ಪಟ್ಟಿ ಕೂಡುವ ನಡುವೆ ಒಂದು ಬೋಲ್ಟ್ ಬೇಕೇ ಬೇಕು. ಏಣಿ ಬರುವ ಪಕ್ಕ ಖಾಲಿ ಬಿಡೋಣ ಅಂತ ಸುಮಾರು ಜನ ಹೇಳುತ್ತಾರೆ. ಬಿಡಬೇಡಿ, ಆ ಕಡೆಗೇ ವಾಲುತ್ತದೆ. ಏಣಿಯನ್ನು ಹೊರಗಿನಿಂದ ಕೊಡಿ.

ಜಿ.ಐ. ಪೈಪನ್ನು ಹಾಗೇ ವೆಲ್ಡ್ ಮಾಡಿದರೆ ಸತುವಿನ ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದವರಿಗೆ ರಾತ್ರಿ ಚಳಿಜ್ವರ ಬಂದ ಹಾಗಾಗುತ್ತದೆ. ವೆಲ್ಡ್ ಮಾಡುವ ಜಾಗದಲ್ಲಿ ಮೇಲಿನ ಸತುವನ್ನು ಉಜ್ಜಿ ತೆಗೆಸಿ, ಕೆಲಸ ಬಯಲಲ್ಲೇ ನಡೆಯಲಿ. ಆಮೇಲೆ ಆ ಜಾಗಕ್ಕೆ ರೆಡ್ ಆಕ್ಸೈಡ್ ಬಳಿಯಿರಿ. ಪೈಪಿನ ಮೇಲಿನ ಬಾಯಿ ಮುಚ್ಚಿಸಿ, ಇಲ್ಲದಿದ್ದರೆ ಮಳೆನೀರು ಒಳಗೆ ನಿಂತು ಬುಡ ಕೊಳೆಸುತ್ತದೆ. ಎತ್ತಿ ನಿಲ್ಲಿಸುವಾಗ ಹತ್ತಿರ ಕರೆಂಟ್ ಲೈನ್ ಇರಬಾರದು. ಉದ್ದ ಪೈಪು ಕೈಯಲ್ಲಿದ್ದಾಗ ಮೇಲಿನ ತಂತಿ ನೆನಪಿಗೇ ಬರುವುದಿಲ್ಲ.

ಇನ್ನು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ತೋಡಿದ ಮಣ್ಣನ್ನೇ ಮತ್ತೆ ತುಂಬಿದರೆ ಒಂದೇ ವರ್ಷದಲ್ಲಿ ಕಾಲು ಸಡಿಲ. ಗುಂಡಿಯನ್ನು ಮೂರು ಅಡಿ ಆಳ, ಒಂದೂವರೆ ಅಡಿ ಅಗಲ ತೋಡಿ. ತಳಕ್ಕೆ ಅರ್ಧ ಅಡಿ ಗರಸು ಹಾಕಿ ದಮ್ಮಸ್ ಮಾಡಿ, ಅದರ ಮೇಲೆ ಚಪ್ಪಡಿ ತುಂಡು ಇಟ್ಟು ಕಾಲು ನಿಲ್ಲಿಸಿ. ಸುತ್ತ 1:2:4 ಕಾಂಕ್ರೀಟ್ (ಒಂದು ಪಾಲು ಸಿಮೆಂಟ್, ಎರಡು ಮರಳು, ನಾಲ್ಕು ಜಲ್ಲಿ) ತುಂಬಿ, ಒಂದು ವಾರ ನೀರುಣಿಸಿ. ಕಾಲಿನ ಬುಡಕ್ಕೆ ಅಡ್ಡಲಾಗಿ ಒಂದು ಸರಳು ವೆಲ್ಡ್ ಮಾಡಿಸಿದ್ದರೆ ಗಾಳಿ ಮೇಲಕ್ಕೆ ಎಳೆದರೂ ಪೈಪು ಜಾರಿ ಬರುವುದಿಲ್ಲ. ಕಾಂಕ್ರೀಟ್ ಹಾಕುವ ಮೊದಲು ಎದುರುಬದುರು ಮೂಲೆಗಳ ನಡುವೆ ಟೇಪ್ ಹಿಡಿಯಿರಿ. ಎರಡೂ ಅಳತೆ ಒಂದೇ ಬರಬೇಕು.

ಪ್ರಶ್ನೆ (ಚನ್ನಗಿರಿಯಿಂದ):
ನೆಲಹಾಸಿಗೆ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ನಡೆಯುತ್ತಾ ಸರ್? ನಮ್ಮಲ್ಲಿ ಬೇಕಾದಷ್ಟು ಸಿಗುತ್ತೆ. ಕಾಲಿಗೆ ಮರದ ಕಂಬವೇ ಹಾಕುವವರು ಏನು ಮಾಡಬೇಕು?

ಉತ್ತರ:
ಒಂದು ಹಂಗಾಮಿಗೆ ನಡೆಯುತ್ತದೆ. ಮಳೆ ಕುಡಿದ ದಬ್ಬೆ ಮೇಲೆ ಗಟ್ಟಿ ಕಂಡರೂ ಒಳಗೆ ಮೆತ್ತಗಾಗಿರುತ್ತದೆ. ಕತ್ತಲಲ್ಲಿ ಕಾಲಿಟ್ಟಾಗ ಮುರಿದರೆ ಕೆಳಗೆ ಒಂಬತ್ತು ಅಡಿ. ದಬ್ಬೆಯನ್ನು ಸುತ್ತಿನ ತಡೆಗೆ ಬಳಸಿ. ನೆಲಕ್ಕೆ ಒಂದು ಇಂಚಿನ ಹಲಗೆ ಹಾಕಿ, ಪ್ರತಿ ಎರಡು ಅಡಿಗೆ ಆಸರೆ ಕೊಡಿ, ನೀರು ಸೋರಲು ನಡುವೆ ಬೆರಳು ಸಂದು ಬಿಡಿ.

ಮರದ ಕಂಬಕ್ಕೆ ಮೊಳೆ ನಂಬಬೇಡಿ. ಹಸಿ ನೀಲಗಿರಿ ಒಣಗುತ್ತಾ ಸೀಳುತ್ತದೆ, ಮೊಳೆ ಸಡಿಲವಾಗುತ್ತದೆ. ಕಂಬದಲ್ಲಿ ಕಚ್ಚು ಹೊಡೆದು ತೊಲೆಯನ್ನು ಅದರ ಮೇಲೆ ಕೂರಿಸಿ, ಆಮೇಲೆ 12 ಎಂ.ಎಂ. ಬೋಲ್ಟ್ ಹಾಕಿ ಎರಡೂ ಕಡೆ ವಾಷರ್ ಕೊಡಿ. ಆಗ ಭಾರ ಹೊರುವುದು ಕಚ್ಚು, ಬೋಲ್ಟ್ ಬರೀ ಹಿಡಿದಿರುತ್ತದೆ. ಗೆದ್ದಲು ಹತ್ತದಂತೆ ಬುಡಕ್ಕೆ ಡಾಂಬರು ಬಳಿಯಿರಿ, ನೆಲದಿಂದ ಅರ್ಧ ಅಡಿ ಮೇಲಿನವರೆಗೂ. ಕಂಬ ಮೊದಲು ಕೊಳೆಯುವುದು ಮಣ್ಣು ಮತ್ತು ಗಾಳಿ ಸೇರುವ ಆ ಜಾಗದಲ್ಲೇ.

ಪ್ರಶ್ನೆ (ಹೊಳಲ್ಕೆರೆಯಿಂದ):
ಬದುವಿನಲ್ಲಿ ದೊಡ್ಡ ಬೇವಿನ ಮರ ಇದೆ. ಅದಕ್ಕೇ ಒಂದು ಕಡೆ ಕಟ್ಟಿ ಇನ್ನೊಂದು ಕಡೆ ಎರಡು ಕಂಬ ಕೊಟ್ಟರೆ?

ಉತ್ತರ:
ಕಟ್ಟಬಹುದು. ಆದರೆ ಮರ ಗಾಳಿಗೆ ಆಡುತ್ತದೆ, ಕಂಬ ಆಡುವುದಿಲ್ಲ. ಎರಡನ್ನೂ ಬಿಗಿದರೆ ಯಾವುದೋ ಒಂದು ಕೀಲು ಕಿತ್ತು ಬರುತ್ತದೆ. ಕಂಬದ ಕಡೆ ಬಿಗಿಯಿರಿ. ಮರದ ಕಡೆ ಗಟ್ಟಿ ಕವೆಯ ಮೇಲೆ ತೊಲೆ ಕೂರಿಸಿ, ಹಳೇ ಟೈರಿನ ತುಂಡು ಕೊಟ್ಟು ಹಗ್ಗದಿಂದ ಸ್ವಲ್ಪ ಸರಿದಾಡುವಂತೆ ಕಟ್ಟಿ. ಗುಡುಗು ಕೇಳಿದ ಕೂಡಲೇ ಇಳಿದು ಮನೆಗೆ ಹೋಗಿ. ಇದು ಮರದ್ದಕ್ಕೂ ಸರಿ, ಪೈಪಿನದ್ದಕ್ಕೂ ಸರಿ. ಬಯಲಿನಲ್ಲಿ ಎತ್ತರವಾಗಿ ನಿಂತದ್ದರ ಮೇಲೆ ಸಿಡಿಲು ಬೀಳುವ ಅಪಾಯ ಹೆಚ್ಚು. ಅರ್ಥಿಂಗ್ ಕೊಟ್ಟಿದ್ದೇವೆ ಅಂತ ಮೇಲೆ ಕೂತಿರಬೇಡಿ, ಅದು ನಿಮ್ಮ ಜೀವ ಕಾಯುವುದಿಲ್ಲ. ಕೆಳಗೆ ಮುದುರಿ ಕೂರುವುದೂ ಬೇಡ.

ಪ್ರಶ್ನೆ (ಚಿತ್ರದುರ್ಗದಿಂದ):
ಸುತ್ತ ಪೂರ್ತಿ ಮರೆ ಮಾಡಿ ಕೂತು ಹಂದಿ ಹೊಡೆಯಬಹುದಲ್ಲ? ಜೋಗಿಮಟ್ಟಿ ಕಾಡಿನ ಕಡೆ ಕರಡಿ ಕಾಟವೂ ಇದೆ.

ಉತ್ತರ:
ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬಂದೂಕು ಮಾತ್ರವಲ್ಲ, ಉರುಳು, ವಿಷ, ಬಲೆ ಎಲ್ಲವೂ ಬೇಟೆಯೇ. ತಂತಿಗೆ ಮನೆ ಕರೆಂಟ್ ಕೊಡುವುದಂತೂ ಕೊಲೆಗೆ ಸಮ. ಬೆಳಗ್ಗೆ ಅದನ್ನು ಮುಟ್ಟುವುದು ಪಕ್ಕದ ಹೊಲದ ಮಗುವೂ ಆಗಬಹುದು. ರಂಗಯ್ಯನದುರ್ಗ ಕೊಂಡುಕುರಿಗಾಗಿಯೇ (ನಾಲ್ಕು ಕೊಂಬಿನ ಕಾಡುಪ್ರಾಣಿ) ಇರುವ ಅಭಯಾರಣ್ಯ, ಉರುಳಿಗೆ ಅದೂ ಬೀಳುತ್ತದೆ. ಬೆಳೆ ಹಾಳಾದರೆ ಉಳಿದ ಬೆಳೆ ಕೊಯ್ಯುವ ಮೊದಲೇ ಫೋಟೊ ತೆಗೆದು ಪಹಣಿ ಜೊತೆ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ.

ಕಾಯುವವನಿಗೆ ಮರೆಯೂ ಬೇಡ. ಹಂದಿಗೆ ನೀವಿರುವುದು ಗೊತ್ತಾಗಲಿ ಅಂತಲೇ ತಾನೇ ಕೂರುವುದು? ಟಾರ್ಚ್ ಬಿಡಿ, ಡಬ್ಬ ಬಡಿಯಿರಿ. ಸುತ್ತ ಮೂರೂವರೆ ಅಡಿ ಎತ್ತರದ ಕಟಕಟೆ ಸಾಕು. ಮೇಲೆ ತೆರೆದಿದ್ದರೆ ಗಾಳಿಯೂ ಹಾದುಹೋಗುತ್ತದೆ. ತಾಡಪಾಲನ್ನು ಮಳೆ ಬಂದಾಗ ಇಳಿಬಿಟ್ಟು, ಗಾಳಿ ಎದ್ದಾಗ ಸುತ್ತಿ ಕಟ್ಟುವ ಹಾಗಿಟ್ಟುಕೊಳ್ಳಿ.

ಕರಡಿ ಮರ ಹತ್ತುತ್ತದೆ, ಏಣಿ ಅದಕ್ಕೆ ದೊಡ್ಡದಲ್ಲ. ಬಿಡಿ ಏಣಿ ಮಾಡಿಸಿ, ಮೇಲೆ ಹೋದ ಮೇಲೆ ಎಳೆದುಕೊಳ್ಳಿ. ಹತ್ತುವ ಕಿಂಡಿಗೆ ಒಳಗಿನಿಂದ ಚಿಲಕ ಇರುವ ಮುಚ್ಚಳ ಹಾಕಿಸಿ. ಏಣಿ ನಿಲ್ಲಿಸಿದಾಗ ನೆಲಹಾಸಿಗಿಂತ ಮೂರು ಅಡಿ ಮೇಲೆ ಬರಲಿ, ಇಳಿಯುವಾಗ ಕೈಗೆ ಹಿಡಿತ ಬೇಕು. ನಿದ್ದೆ ಮಾಡುವವರು ಕಿಂಡಿಯ ಕಡೆ ತಲೆ ಹಾಕಬೇಡಿ. ಬೆಳಗ್ಗೆ ಇಳಿಯುವ ಮೊದಲು ಕೆಳಗೆ, ಸಾಲಿನೊಳಗೆ ಟಾರ್ಚ್ ಬಿಟ್ಟು, ನಾಲ್ಕು ಸಲ ಕೂಗಿ, ಸ್ವಲ್ಪ ಹೊತ್ತು ಕಾದು ಇಳಿಯಿರಿ.