ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಎರಡೇ ಸೀಟು ಯಾಕೆ?

ತಿಪಟೂರು ಟೀಚರ್:

ಎಲ್ಲರಿಗೂ ನಮಸ್ಕಾರ. ತಿಪಟೂರಿನ ಹೈಸ್ಕೂಲಿನಲ್ಲಿ 22 ವರ್ಷ ಸಮಾಜ ಪಾಠ ಮಾಡಿದವಳು ನಾನು. ಈಗ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಮುಂದಿನ ತಿಂಗಳು ಸಿಟಿಜನ್‌ಶಿಪ್ ಇಂಟರ್‌ವ್ಯೂ. ಪ್ರಶ್ನೋತ್ತರದ ಪಟ್ಟಿ ಹಿಡಿದು ದಿನಾ ಬೆಳಿಗ್ಗೆ ಓದುತ್ತಿದ್ದೇನೆ.

ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಇಬ್ಬರು ಯಾಕೆ ಅನ್ನುವುದಕ್ಕೆ 'ಗ್ರೇಟ್ ಕಾಂಪ್ರಮೈಸ್' ಅಂತ ಉತ್ತರ ಕೊಟ್ಟಿದ್ದಾರೆ. ಬಾಯಿಪಾಠ ಆಗಿದೆ, ತಲೆಗೆ ಇಳಿದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 4 ಕೋಟಿ ಜನ. ವಯೋಮಿಂಗ್‌ನಲ್ಲಿ 6 ಲಕ್ಷವೂ ಇಲ್ಲ. ಎರಡಕ್ಕೂ ಎರಡೆರಡೇ ಸೀಟು! ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12, ಗೋವಾಕ್ಕೆ 1 ಅಂತ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ನನಗೆ ಇದು ನ್ಯಾಯ ಅನ್ನಿಸುತ್ತಿಲ್ಲ. ರಾಜಿ ಆಗಿದ್ದು ಯಾರ ಯಾರ ನಡುವೆ? ಅರ್ಥ ಆಗದ್ದನ್ನು ಸುಮ್ನೆ ಒಪ್ಪಿಸಲು ನನಗೆ ಮನಸ್ಸಿಲ್ಲ.

ಫಿಲಡೆಲ್ಫಿಯಾ ಕನ್ನಡಿಗ:

ಟೀಚರ್, ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು. ಇಲ್ಲಿನ ಲೈಬ್ರರಿಯೊಂದರಲ್ಲಿ ಶನಿವಾರ ಸಿಟಿಜನ್‌ಶಿಪ್ ಪಾಠ ಹೇಳಿಕೊಡುತ್ತೇನೆ. ಪ್ರತಿ ಸಲವೂ ಯಾರಾದರೂ ಇದನ್ನು ಕೇಳುತ್ತಾರೆ.

ಮೊದಲು ಒಂದು ಮಾತು. 1787ರಲ್ಲಿ ಆ 13 ರಾಜ್ಯಗಳು ನಮ್ಮ ಜಿಲ್ಲೆಗಳ ಹಾಗೆ ಇರಲಿಲ್ಲ. ಒಂದೊಂದೂ ತನ್ನನ್ನು ಒಂದು ದೇಶ ಅಂತಲೇ ತಿಳಿದಿತ್ತು. 1781ರಲ್ಲಿ ಜಾರಿಗೆ ಬಂದ ಹಳೆ ಒಪ್ಪಂದದಲ್ಲಿ ದೊಡ್ಡದಿರಲಿ ಚಿಕ್ಕದಿರಲಿ, ರಾಜ್ಯಕ್ಕೆ ಒಂದೇ ಮತ. ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರ ಇರಲಿಲ್ಲ. ಹಣ ಕೊಡಿ ಅಂತ ರಾಜ್ಯಗಳನ್ನು ಕೇಳಿಕೊಳ್ಳಬೇಕಿತ್ತು. ಆಮದು ಸರಕಿನ ಮೇಲೆ ಬರೀ 5% ಸುಂಕ ಹಾಕೋಣ ಅಂದರೆ 1782ರಲ್ಲಿ ರೋಡ್ ಐಲೆಂಡ್ ಆಗಲ್ಲ ಅಂದಿತು. ಒಪ್ಪಂದ ಬದಲಿಸಲು 13ಕ್ಕೆ 13 ಒಪ್ಪಬೇಕಿತ್ತಾದ್ದರಿಂದ ಕಥೆ ಅಲ್ಲಿಗೇ ಮುಗಿಯಿತು. 1786ರಲ್ಲಿ ಮ್ಯಾಸಚೂಸೆಟ್ಸ್‌ನ ರೈತರು ಸಾಲ, ತೆರಿಗೆ ತಾಳಲಾರದೆ ಡೇನಿಯಲ್ ಶೇಸ್ ಮುಂದಾಳತ್ವದಲ್ಲಿ ದಂಗೆ ಎದ್ದರು. ಆಗ ಎಲ್ಲರಿಗೂ ದಿಗಿಲಾಯಿತು.

ಮರುವರ್ಷ ಮೇ ತಿಂಗಳಲ್ಲಿ ಆ ಹಳೆ ಒಪ್ಪಂದ ಸರಿಪಡಿಸಲು ರಾಜ್ಯಗಳ ಪ್ರತಿನಿಧಿಗಳು ಇಲ್ಲೇ ಫಿಲಡೆಲ್ಫಿಯಾದಲ್ಲಿ ಸೇರಿದರು. ಈಗಿನ ಸಂವಿಧಾನ ಹುಟ್ಟಿದ್ದು ಆ ಸಭೆಯಲ್ಲೇ. ಬೇಸಿಗೆ. ಒಳಗಿನ ಮಾತು ಹೊರಗೆ ಹೋಗಬಾರದು ಅಂತ ಕಟ್ಟುನಿಟ್ಟಿನ ನಿಯಮ. ದೊಡ್ಡ ರಾಜ್ಯವಾದ ವರ್ಜೀನಿಯಾ, ಎರಡೂ ಸಭೆಗಳಲ್ಲಿ ಜನಸಂಖ್ಯೆ ನೋಡಿಯೇ ಸೀಟು ಕೊಡೋಣ ಅಂದಿತು. ನ್ಯೂಜೆರ್ಸಿ ಬೇಡ ಅಂದಿತು. ಡೆಲವೇರ್‌ನವರು ಊರಿನಿಂದಲೇ ಲಿಖಿತ ಅಪ್ಪಣೆ ತಂದಿದ್ದರು: ಸಮಾನ ಮತ ಬಿಟ್ಟುಕೊಡುವಂತಿಲ್ಲ! ಜುಲೈ 2ರಂದು ಮತಕ್ಕೆ ಹಾಕಿದಾಗ ಐದಕ್ಕೆ ಐದು ಸಮ ಬಂತು. ಸಭೆ ಮುರಿದು ಬೀಳುವ ಹಂತಕ್ಕೆ ಹೋಗಿತ್ತು.

ದಾರಿ ತೋರಿಸಿದ್ದು ಕನೆಕ್ಟಿಕಟ್. ಅಲ್ಲಿಂದ ಬಂದಿದ್ದ ರೋಜರ್ ಶೆರ್ಮನ್ ಚಿಕ್ಕಂದಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದವರು, ತಾವೇ ಓದಿಕೊಂಡು ಮೇಲೆ ಬಂದವರು. ಕೆಳಮನೆಗೆ ಜನಸಂಖ್ಯೆ, ಮೇಲ್ಮನೆಗೆ ಸಮಾನ ಮತ ಅಂತ ಅವರು ಜೂನ್‌ನಲ್ಲೇ ಹೇಳಿದ್ದರು. ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜುಲೈ 16ರಂದು ಅದೇ ಗೆದ್ದಿತು, 5–4 ಮತಗಳಿಂದ. ಮ್ಯಾಸಚೂಸೆಟ್ಸ್‌ನವರೇ ತಮ್ಮೊಳಗೆ ಎರಡು ಪಾಲಾಗಿ ಆ ರಾಜ್ಯದ ಮತ ಯಾವ ಕಡೆಗೂ ಬೀಳಲಿಲ್ಲ. ನ್ಯೂಯಾರ್ಕ್‌ನ ಇಬ್ಬರು ಆಗಲೇ ಬೇಸರದಿಂದ ಮನೆಗೆ ಹೋಗಿದ್ದರು. ನ್ಯೂ ಹ್ಯಾಂಪ್‌ಶೈರ್‌ನವರು ಇನ್ನೂ ತಲುಪಿರಲಿಲ್ಲ. ರೋಡ್ ಐಲೆಂಡ್ ಕೊನೆವರೆಗೂ ಬರಲೇ ಇಲ್ಲ. ಇವರೆಲ್ಲ ಅಲ್ಲಿದ್ದಿದ್ದರೆ ಏನಾಗುತ್ತಿತ್ತೋ!

ನಿಮಗೆ ಅನ್ನಿಸಿದ ಹಾಗೇ ಇದು ಅನ್ಯಾಯ ಅಂತ ವರ್ಜೀನಿಯಾದ ಪ್ರತಿನಿಧಿ ಜೇಮ್ಸ್ ಮ್ಯಾಡಿಸನ್ ಅವರಿಗೂ ಅನ್ನಿಸಿತ್ತು, ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಅವರಿಗೂ ಅನ್ನಿಸಿತ್ತು. ಮಾರನೇ ದಿನ ಬೆಳಿಗ್ಗೆ ದೊಡ್ಡ ರಾಜ್ಯದವರು ಸೇರಿ ಮುಂದೇನು ಅಂತ ಮಾತಾಡಿಕೊಂಡರು. ಒಮ್ಮತ ಬರಲಿಲ್ಲ, ಒಪ್ಪಿಕೊಂಡರು. ಆಮೇಲೆ ಸಂವಿಧಾನವನ್ನು ಎಲ್ಲರಿಗಿಂತ ಮೊದಲು ಅಂಗೀಕರಿಸಿದ್ದು ಯಾರು ಗೊತ್ತಾ? ಅದೇ ಡೆಲವೇರ್. 1787ರ ಡಿಸೆಂಬರ್ 7.

ಮೌನವಾಗಿ ಓದುವವಳು:

ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ಆದರೆ ಅದೇ ರಾಜಿಯಲ್ಲಿ ಇನ್ನೊಂದು ಭಾಗ ಇದೆ, ಅದನ್ನು ಬಿಡಬಾರದು. ಕೆಳಮನೆಯ ಸೀಟಿಗೆ ಜನರನ್ನು ಎಣಿಸುವಾಗ ಗುಲಾಮರನ್ನು ಐದರಲ್ಲಿ ಮೂರು ಪಾಲು ಅಂತ ಹಿಡಿದರು. ಅವರಿಗೆ ಮತ ಇಲ್ಲ, ಅವರ ಲೆಕ್ಕದಲ್ಲಿ ಮಾಲೀಕರ ರಾಜ್ಯಕ್ಕೆ ಸೀಟು ಜಾಸ್ತಿ. ಚಿಕ್ಕದು–ದೊಡ್ಡದು ಅನ್ನುವುದಕ್ಕಿಂತ ಗುಲಾಮಗಿರಿ ಇರುವ, ಇಲ್ಲದ ರಾಜ್ಯಗಳ ಜಗಳವೇ ದೊಡ್ಡದು ಅಂತ ಮ್ಯಾಡಿಸನ್ ಅದೇ ಸಭೆಯಲ್ಲಿ ಹೇಳಿದ್ದರು. ರಾಜಿ ಅಂದಾಗ ಆ ಕೋಣೆಯಲ್ಲಿ ಇಲ್ಲದವರ ನೆನಪೂ ನನಗೆ ಬರುತ್ತದೆ.

ಮಂಗಳೂರು ವಕೀಲ:

ರಾಜ್ಯಸಭೆ ಯಾಕೆ ಬೇರೆ ಅನ್ನುವುದಕ್ಕೆ ಅಂಬೇಡ್ಕರ್ 1948ರ ನವೆಂಬರ್ 4ರ ಭಾಷಣದಲ್ಲಿ ದಾರಿ ತೋರಿಸಿದ್ದಾರೆ. ನಮ್ಮ ಒಕ್ಕೂಟ ರಾಜ್ಯಗಳು ಸೇರಿ ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ್ದಲ್ಲ ಅಂದಿದ್ದರು. ಒಪ್ಪದಿದ್ದರೆ ಎದ್ದು ಹೋಗುತ್ತೇವೆ ಅನ್ನುವ ಡೆಲವೇರ್ ನಮ್ಮಲ್ಲಿ ಇರಲಿಲ್ಲ. ಅಮೆರಿಕದ ಪದ್ಧತಿ ನಮ್ಮವರಿಗೆ ತಿಳಿಯದೆ ಏನಲ್ಲ. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ನಮ್ಮ ಕಡೆಯವರೇ ಆದ ಬಿ.ಎನ್. ರಾವ್ 1947ರಲ್ಲಿ ಅಲ್ಲಿಗೆ ಹೋಗಿ ಜಡ್ಜ್‌ಗಳ ಜೊತೆ ಕೂತು ಚರ್ಚಿಸಿ ಬಂದಿದ್ದರು.

ತಿಪಟೂರು ಟೀಚರ್:

ಎಲ್ಲರಿಗೂ ಧನ್ಯವಾದ. ಮಗಳಿಗೂ ಓದಿ ಹೇಳಿದೆ. ಇನ್ನೊಂದೇ ಒಂದು ಸಂಶಯ. ಈಗ ಇದನ್ನು ಬದಲಿಸಲು ಆಗುತ್ತದಾ?

ಫಿಲಡೆಲ್ಫಿಯಾ ಕನ್ನಡಿಗ:

ತುಂಬಾ ಕಷ್ಟ ಟೀಚರ್. ಯಾವ ರಾಜ್ಯದ ಸಮಾನ ಮತವನ್ನೂ ಅದರ ಒಪ್ಪಿಗೆ ಇಲ್ಲದೆ ಕಿತ್ತುಕೊಳ್ಳುವಂತಿಲ್ಲ ಅಂತ 5ನೇ ವಿಧಿಯಲ್ಲೇ ಬರೆದಿಟ್ಟಿದ್ದಾರೆ. ವಯೋಮಿಂಗ್ ತಾನಾಗಿ ಹೂಂ ಅನ್ನಬೇಕು. ಒಮ್ಮೆ ಇಲ್ಲಿಗೆ ಬನ್ನಿ, ಆ ಕೋಣೆ ತೋರಿಸುತ್ತೇನೆ. ವಾಷಿಂಗ್ಟನ್ ಕೂತಿದ್ದ ಕುರ್ಚಿ ಇನ್ನೂ ಅಲ್ಲೇ ಇದೆ.

ತಿಪಟೂರು ಟೀಚರ್:

ಖಂಡಿತ ಬರುತ್ತೇನೆ. ಡೆಲವೇರ್‌ನವರು ಎಲ್ಲಿ ಕೂತಿದ್ದರು ಅಂತ ಅಲ್ಲಿ ಯಾರನ್ನಾದರೂ ಕೇಳಬೇಕು.